ಇಸ್ತ್ರಿ ಮಾಡಿದ ಮಾತು

ಭಾನುವಾರ ಬೆಳಿಗ್ಗೆ ನಮ್ಮ ಯಜಮಾನರು ಹೆತ್ತ ಅಪ್ಪನನ್ನೇ ಗುಂಪಿನಿಂದ ಹೊರಗೆ ಹಾಕಿದರು. ಗುಂಪು ಅಂದರೆ ನಮ್ಮ ಕಟ್ಟಡದ ವಾಟ್ಸಾಪ್ ಗುಂಪು, ಅದಕ್ಕೆ ಅಡ್ಮಿನ್ ಅವರೇ. “ಮೂರನೇ ಮಹಡಿಯ ಹಿರಿಯ ಸದಸ್ಯರೊಬ್ಬರನ್ನು ಅನಿವಾರ್ಯ ಕಾರಣಗಳಿಂದ ಕೈಬಿಡಲಾಗಿದೆ ಎಂದು ತಿಳಿಸಲು ವಿಷಾದಿಸುತ್ತೇವೆ” ಎಂದು ಬರೆದರು. ಆ ಹಿರಿಯ ಸದಸ್ಯರು ಆಗ ಅದೇ ಮೇಜಿನ ಆಚೆ ತುದಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು.

“ವಿಷಾದಿಸುತ್ತೇವೆ” ಅಂದರೆ ಎಷ್ಟು ಜನ ಅಂತ ಕೇಳಬೇಡಿ, ಇವರೊಬ್ಬರೇ. ವಿಮಾ ಕಂಪನಿಯಲ್ಲಿ ದೂರುಗಳಿಗೆ ಉತ್ತರ ಬರೆಯುವುದು ಇವರ ಕೆಲಸ. ಮದುವೆಯಾದ ಹೊಸದರಲ್ಲಿ ಹಾಲು ಉಕ್ಕಿಸಿದಾಗಲೂ ನನಗೆ “ಅನಾನುಕೂಲವಾಗಿದ್ದರೆ ಕ್ಷಮೆ ಇರಲಿ” ಅಂದಿದ್ದರು. ನಾನು ಹೊಸಬಳು, ಎಷ್ಟು ಒಳ್ಳೆಯ ಮನುಷ್ಯ ಅಂದುಕೊಂಡೆ.

ಮಾವ ಇದಕ್ಕೆ ಪೂರ್ತಿ ಉಲ್ಟಾ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಬಾಗಿಲಲ್ಲೇ ನಿಂತವರಿಗೆ “ಹೊಸ ಅಳಿಯನ ಥರ ನಾಚ್ಕೋಬೇಡಿ, ಒಳಗೆ ನಡೀರಿ” ಅಂತ ಕೂಗಿದರೆ ಹಿಂದಿನ ಸೀಟಿನವರೂ ನಗುತ್ತಿದ್ದರಂತೆ. ನಾನು ಈ ಮನೆಗೆ ಬಂದ ಮೇಲೂ ಅಷ್ಟೇ, ದಿನಕ್ಕೆ ಒಂದು ಸಲವಾದರೂ ನನ್ನ ಕಾಲೆಳೆಯದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ. ಹೋದ ವರ್ಷ ಗಂಟಲಿನಲ್ಲಿ ಗಡ್ಡೆ ಅಂತ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ದನಿ ಹೋಯಿತು.

ಆಮೇಲೆ ಅವರಿಗೆ ಸಿಕ್ಕಿದ್ದು ಈ ಗುಂಪು. ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಬರೆಯುತ್ತಿದ್ದರು. ಮೇಲಿನ ಮನೆಯವನು ಗಿಟಾರ್ ಕಲಿಯಲು ಶುರುಮಾಡಿದಾಗ, “ಆ ಹಾಡು ಮುಗಿಯಿತೋ ತೀರಿಕೊಂಡಿತೋ ತಿಳಿಸಿದರೆ ನಾವೂ ಮಲಗುತ್ತೇವೆ” ಅಂತ ಹಾಕಿದರು. ಅದಕ್ಕೆ ನಕ್ಕವರು ಕೆಲವರು, ಮುಖ ಊದಿಸಿಕೊಂಡವರು ಕೆಲವರು. ಬಸ್ಸಿನಲ್ಲಾದರೆ ಮಾತಿಗಿಂತ ಮೊದಲು ಅವರ ಮುಖ ನಗುತ್ತಿತ್ತು. ಮೊಬೈಲಿನಲ್ಲಿ ಬರೀ ಅಕ್ಷರ ಹೋಗುತ್ತಿತ್ತು.

ಕಡೆಗೆ ಎಡವಟ್ಟಾಗಿದ್ದು ಬೇಕರಿ ಅಕ್ಕನ ಹತ್ತಿರ. ನಮ್ಮ ಕಟ್ಟಡದ ಕೆಳಗೇ ಅವರ ಬೇಕರಿ. ಹೊಸದಾಗಿ ಉಂಗುರದ ಆಕಾರದ ಕಪ್ಪು ಬ್ರೆಡ್ ಮಾಡಿ ಫೋಟೋ ಹಾಕಿದ್ದರು. ಎಲ್ಲರೂ ಸೂಪರ್, ಅದ್ಭುತ, ಬಾಯಲ್ಲಿ ನೀರು ಅಂತ ಹೊಗಳಿದ್ದೇ ಹೊಗಳಿದ್ದು. ನಾನು ಒಂದು ಕೊಂಡುತಂದೆ. ಮಾವ ಅದನ್ನು ಅಗಿಯುತ್ತಲೇ ಬರೆದರು: “ನಮ್ಮ ಡಿಪೋದಲ್ಲಿ ಒಂದು ಟೈರ್ ಕಳೆದುಹೋಗಿತ್ತು. ಸಿಕ್ಕಿತು ಅಂತ ಹೇಳಿಬಿಡಲಾ?”

ಅಕ್ಕ, “ನಾನು ನಿಮಗೇನು ಅನ್ಯಾಯ ಮಾಡಿದ್ದೆ?” ಎಂದಷ್ಟೇ ಬರೆದು ಸುಮ್ಮನಾದರು. ಉಳಿದವರು ಸುಮ್ಮನಿರಬೇಕಲ್ಲ. ಬಡವರ ಹೊಟ್ಟೆ ಮೇಲೆ ಹೊಡೆಯಬಾರದು, ಹಿರಿಯರಿಗೆ ನಾಲಿಗೆ ಮೇಲೆ ಹಿಡಿತ ಬೇಡವೇ ಅಂತ ಒಬ್ಬರ ಮೇಲೊಬ್ಬರು ಉಪದೇಶ ಸುರಿದರು. ಗಿಟಾರಿನವನಂತೂ ಹಬೆಯಾಡುವ ಕೋಪದ ಮುಖಗಳನ್ನು ಸಾಲಾಗಿ ಜೋಡಿಸಿದ. ನಮ್ಮ ಯಜಮಾನರು ಒತ್ತಬೇಕಾದ ಗುಂಡಿ ಒತ್ತಿದರು.

ಮಾವ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ ಬಟಾಣಿ ಮುಗಿಸಿದರು. ಮರುದಿನವೂ ಅದನ್ನು ಮುಟ್ಟಲಿಲ್ಲ. ನನ್ನ ಕಾಲೆಳೆಯುವುದನ್ನೂ ಬಿಟ್ಟರು. ಸಾರಿಗೆ ಉಪ್ಪು ಹಾಕಲು ಮರೆತಿದ್ದೆ, ಮುಖ ಕೂಡ ಕಿವುಚದೆ ಉಂಡರು. ನನಗೆ ತಡೆಯಲಾಗಲಿಲ್ಲ.

“ರೀ, ಡಾಕ್ಟರು ಒಂದು ಬಾಯಿ ಕಿತ್ಕೊಂಡ್ರು. ಉಳಿದಿದ್ದ ಇನ್ನೊಂದನ್ನ ನೀವು ಕಿತ್ಕೊಂಡ್ರಿ” ಅಂದೆ.

“ಬೇರೆಯವರಾಗಿದ್ರೆ ತೆಗೀತಿದ್ದೆ ತಾನೇ? ನಮ್ಮಪ್ಪ ಅಂತ ಬಿಟ್ರೆ ನಾಳೆ ಯಾರು ನನ್ನ ಮಾತು ಕೇಳ್ತಾರೆ?” ಅಂದರು. ದನಿ ಮೆತ್ತಗಿತ್ತು. ಅವರಿಗೂ ಊಟ ಸೇರುತ್ತಿರಲಿಲ್ಲ.

ಅವರೇ ಒಂದು ಉಪಾಯ ಹೂಡಿದರು. ಅಪ್ಪ ಬರೆಯುವುದು, ತಾವು ಅದಕ್ಕೆ ಸ್ವಲ್ಪ ಇಸ್ತ್ರಿ ಹಾಕಿ ಗುಂಪಿಗೆ ಕಳಿಸುವುದು. ಮೊದಲಿಗೆ ಅಕ್ಕನಿಗೆ ಕ್ಷಮಾಪಣೆ. ಮಾವ ಒಲ್ಲದ ಮನಸ್ಸಿನಿಂದ ಕುಟ್ಟಿದರು: “ಅಕ್ಕಾ, ಟೈರ್ ಅಂದದ್ದು ತಪ್ಪಾಯಿತು. ಟೈರಿಗೆ ಎಷ್ಟು ಬೇಜಾರಾಗಿದೆಯೋ. ಆದರೂ ಒಂದು ಚೂರೂ ಬಿಡದೆ ತಿಂದೆ. ಇನ್ನೊಂದು ಇದ್ದರೆ ಕಳಿಸು, ಈ ಸಲ ಸುತ್ತಿಗೆ ರೆಡಿ ಇದೆ.”

ಯಜಮಾನರು ಅದನ್ನು ಬಿಸಿಬಿಸಿ ಇಸ್ತ್ರಿ ಮಾಡಿದರು. ಹೊರಬಂದದ್ದು ಇಷ್ಟು: “ತಮ್ಮ ಉತ್ಪನ್ನದ ಬಗ್ಗೆ ವ್ಯಕ್ತಪಡಿಸಲಾದ ಅಭಿಪ್ರಾಯದಿಂದ ತಮಗೆ ನೋವುಂಟಾಗಿದ್ದಲ್ಲಿ ವಿಷಾದಿಸುತ್ತೇವೆ. ಈ ಕುರಿತು ಮುಂದಿನ ಯಾವುದೇ ಪತ್ರವ್ಯವಹಾರಕ್ಕೆ ಅವಕಾಶವಿರುವುದಿಲ್ಲ.” ಕೊನೆಯ ಸಾಲು ಕೈ ರೂಢಿಗೆ ತಾನಾಗಿ ಬಂದುಬಿಟ್ಟಿತಂತೆ.

ಸ್ವಲ್ಪ ಹೊತ್ತಿಗೆಲ್ಲ ಬೇಕರಿ ಅಕ್ಕ ನಮ್ಮ ಬಾಗಿಲಲ್ಲಿದ್ದರು. ಮೊಣಕೈವರೆಗೂ ಮೈದಾ, ಕೈಯಲ್ಲಿ ಮೊಬೈಲು, ಮೂಗಿನ ತುದಿಯಲ್ಲಿ ಕೋಪ.

“ಇದೇನು ಲಾಯರ್ ನೋಟೀಸಾ? ಬೈದಿದ್ದೂ ನೀವೇ, ಈಗ ತಿರುಗಿ ಮಾತಾಡ್ಬೇಡ ಅನ್ನೋದೂ ನೀವೇನಾ?”

ಯಜಮಾನರು ಕುರ್ಚಿಯಿಂದೆದ್ದು “ತಮಗಾದ ಅನಾನುಕೂಲಕ್ಕೆ” ಅಂತ ಶುರುಮಾಡಿದರು. ನಾನು ಅವರನ್ನು ಪಕ್ಕಕ್ಕೆ ಸರಿಸಿ, ಮಾವ ಬರೆದಿದ್ದ ಮೂಲವನ್ನು ಅಕ್ಕನ ಮುಂದೆ ಹಿಡಿದೆ. ಅಕ್ಕ ನಿಧಾನಕ್ಕೆ ಓದಿದರು.

“ಪೂರ್ತಿ ತಿಂದ್ರಾ?” ಅಂತ ಮಾವನನ್ನು ಕೇಳಿದರು.

ಮಾವ ಹೌದೆಂದು ತಲೆಯಾಡಿಸಿದರು.

ಅಕ್ಕ ಅಲ್ಲೇ ಸ್ಟೂಲಿನ ಮೇಲೆ ಕೂತರು. “ಸೂಪರ್ ಸೂಪರ್ ಅಂದೋರು ಒಬ್ರೂ ಕೊಳ್ಳಲಿಲ್ಲ, ಗೊತ್ತಾ? ಮಾರಿದ್ದು ನಿಮ್ಮನೇಗೊಂದೇ. ಗಟ್ಟಿಯಾಗಿತ್ತು, ನಂಗೂ ಗೊತ್ತು. ಆದ್ರೆ ನೀವಂದಾಗ ನಿಮ್ಮ ಮುಖ ಕಾಣಲ್ಲ ನೋಡಿ. ನಗ್ತಾ ಅಂದ್ರೋ, ಉಗಿದು ಅಂದ್ರೋ, ಹೇಗೆ ತಿಳ್ಕೊಳ್ಳಲಿ? ರಾತ್ರಿಯೆಲ್ಲಾ ಅತ್ತೆ.”

ಮಾವನ ಮುಖ ಇಳಿದುಹೋಯಿತು. ಅಳಿಸುವುದಕ್ಕೆ ಅವರು ಯಾವತ್ತೂ ಮಾತಾಡಿದವರಲ್ಲ. ಎದ್ದು ಅಕ್ಕನ ಮುಂದೆ ನಿಂತು ಎರಡೂ ಕೈ ಮುಗಿದರು. ಮೊಬೈಲು ತೆಗೆದುಕೊಂಡು ಏನೋ ಕುಟ್ಟಿ, ಅದನ್ನು ತಮ್ಮ ಗಲ್ಲದ ಪಕ್ಕ ಹಿಡಿದು ತೋರಿಸಿದರು: “ಅಳಿಸಿದ್ದು ತಪ್ಪು. ಈಗ ಮುಖ ನೋಡು. ಟೈರೇ.” ಹುಬ್ಬು ಮೇಲೆ, ಕಣ್ಣಲ್ಲಿ ಹಳೇ ಕಂಡಕ್ಟರು.

ಅಕ್ಕ ಎಷ್ಟೇ ಬಿಗಿಹಿಡಿದರೂ ನಗು ಒಡೆದು ಬಂತು. “ಕಟ್ಟಿಸಿದ ಹಲ್ಲಿಟ್ಕೊಂಡು ನನ್ನ ಬ್ರೆಡ್ಡಿಗೆ ಹೆಸರಿಡ್ತೀರಾ? ಮೊದ್ಲು ಹಲ್ಲಿನ ಡಾಕ್ಟರಿಗೆ ಬೈದು ಬನ್ನಿ” ಅಂದರು. ಮಾವ ಸದ್ದಿಲ್ಲದೆ, ಹೊಟ್ಟೆ ಕುಣಿಸುತ್ತಾ ನಕ್ಕರು. ನನಗೆ ಖುಷಿಗೆ ಕಣ್ಣು ತುಂಬಿತು.

ಅಕ್ಕ ಯಜಮಾನರ ಕಡೆ ತಿರುಗಿದರು. “ಇವರನ್ನ ಈಗ್ಲೇ ವಾಪಸ್ ಸೇರಿಸಿ. ಇವರು ಬೈದ್ರೆ ನಾನು ತಿರುಗಿ ಬೈತೀನಿ. ನಡುವೆ ನಿಮ್ಮ ಇಸ್ತ್ರಿ ಪೆಟ್ಟಿಗೆ ಬೇಡ.” ಮಾವನಿಗೂ ಒಂದು ಷರತ್ತು ಹಾಕಿದರು. ಯಾರ ಕಾಲೆಳೆದರೂ ಜೊತೆಗೆ ಆ ಗಳಿಗೆಯ ತಮ್ಮ ಮುಖದ ಫೋಟೋ ಹಾಕಬೇಕು.

ಆಪರೇಷನ್ ಆದಮೇಲೆ ಮಾವ ಫೋಟೋಕ್ಕೆ ನಿಂತವರಲ್ಲ. ಗಂಟಲಲ್ಲಿ ಉಸಿರಾಟಕ್ಕೆ ಮಾಡಿದ ತೂತು ಕಾಣುತ್ತದೆ ಅಂತ ಸಂಕೋಚ. ಯಜಮಾನರು ಅವರನ್ನು ಗುಂಪಿಗೆ ವಾಪಸ್ ಸೇರಿಸಿದರು. ಮಾವ ಒಂದು ಕ್ಷಣ ಯೋಚಿಸಿ, ಆಮೇಲೆ ಕುಟ್ಟತೊಡಗಿದರು. ಗುಂಪಿನಲ್ಲಿ ಟಿಣ್ ಎಂದಿತು.

“ನಮ್ಮ ಅಡ್ಮಿನ್ ಹುಟ್ಟಿದಾಗ ಎಲ್ಲ ಮಕ್ಕಳ ಹಾಗೆ ಅಳಲಿಲ್ಲ. ‘ನಿಮ್ಮ ನಿದ್ದೆಗೆ ಭಂಗವಾಗಿದ್ದಲ್ಲಿ ವಿಷಾದಿಸುತ್ತೇವೆ’ ಅಂದ.” ಅದರ ಕೆಳಗೆ ಫೋಟೋ: ಬಾಯ್ತುಂಬ ನಗು, ಹಲ್ಲಿನ ಸೆಟ್ಟು, ಗಂಟಲಿನ ತೂತು, ಎಲ್ಲವೂ.

ಕಟ್ಟಡದ ಮಹಡಿ ಮಹಡಿಯಿಂದ ನಗುವ ಮುಖಗಳು ಬಂದು ಬಿದ್ದವು. ಗಿಟಾರಿನವನು, “ಅಜ್ಜ, ಆ ಹಾಡು ಇನ್ನೂ ಸತ್ತಿಲ್ಲ, ಕೇಳೋಕೆ ಬನ್ನಿ” ಅಂತ ಬರೆದ. ನಮ್ಮ ಯಜಮಾನರು ಮಾತ್ರ ಮೊಬೈಲನ್ನೇ ನೋಡುತ್ತಾ ನಿಂತಿದ್ದರು. ಕಿವಿ ಕೆಂಪಾಗಿತ್ತು. ಬೆರಳು ಏನೋ ಒತ್ತಿತು. ಅಳಿಸಿಬಿಟ್ಟರೇನೋ ಅಂದುಕೊಂಡೆ. ಇಲ್ಲ, ಬರೆದಿದ್ದರು. ಎಲ್ಲರೂ ಓದುವ ಗುಂಪಿನಲ್ಲೇ, ಇಸ್ತ್ರಿ ಇಲ್ಲದೆ, ಒಂದೇ ಸಾಲು: “ಅಪ್ಪಾ, ಸ್ವಲ್ಪ ಬಾಯಿ ಮುಚ್ಚು.”

ಆಪರೇಷನ್ ಆದಮೇಲೆ ಆ ಮಾತನ್ನು ಅವರಿಗೆ ಯಾರೂ ಅಂದಿರಲಿಲ್ಲ. ಮಾವ ಕನ್ನಡಕ ಸರಿಮಾಡಿಕೊಂಡು ಅದನ್ನು ಮತ್ತೆ ಓದಿದರು. ಆಮೇಲೆ ಬಹುಮಾನ ಬಂದವರ ಹಾಗೆ ಮೊದಲು ಅಕ್ಕನಿಗೆ, ಆಮೇಲೆ ನನಗೆ, ಕೊನೆಗೆ ಅದನ್ನು ಬರೆದ ಮಗನಿಗೇ ತೋರಿಸಿದರು.