ಹೊಳೆಕಲ್ಲಿನ ಸುಣ್ಣದ ಗೆರೆ

ನಮ್ಮದು ಭದ್ರಾ ಹೊಳೆಯ ದಂಡೆಯಲ್ಲಿ ನಲವತ್ತು ಮನೆಗಳ ಊರು. ಹೊಳೆ ದಾಟುವ ಕಡವಿನ ಹತ್ತಿರ ನೀರೊಳಗೆ ನಿಂತ ಬಂಡೆಯ ಮೇಲೆ ಒಂದು ಸುಣ್ಣದ ಗೆರೆ ಇರುತ್ತಿತ್ತು. ನೀರು ಗೆರೆ ಮುಟ್ಟಿದರೆ ಹರಿಗೋಲು ಇಳಿಸುವಂತಿಲ್ಲ. ನನ್ನ ತಾತನಿಗಿಂತ ಹಿಂದಿನವರು ಮಾಡಿಕೊಂಡ ಕಟ್ಟುಪಾಡು ಅದು. ಹಿಂದೂ ಮುಸ್ಲಿಂ ಎನ್ನದೆ, ಪ್ರತಿ ಬೇಸಿಗೆ ಸರದಿಯಂತೆ ಒಂದು ಮನೆಯವರು ಹಳೆಯ ಗೆರೆಯ ಮೇಲೆ ಹೊಸ ಸುಣ್ಣ ಬಳಿಯಬೇಕು.

ಐವತ್ತೆಂಟನೇ ಇಸವಿಯಲ್ಲಿ ಸರದಿ ನಮ್ಮ ಮನೆಗೆ ಬಂತು. ಹಗಲು ಭದ್ರಾವತಿಯಲ್ಲಿ ಕೆಲಸ, ಸಂಜೆ ಅಲ್ಲೇ ಕ್ಲಾಸು ಎಂದು ನಾನು ದಿನ ದೂಡಿದೆ. ಬಂಡೆಯ ಬಳಿ ಹೋಗುವಷ್ಟರಲ್ಲಿ ಮುಂಗಾರಿನ ಮೊದಲ ನೀರು ಗೆರೆಯನ್ನು ತೊಳೆದುಹಾಕಿತ್ತು. ಯಾರನ್ನಾದರೂ ಕೇಳಬಹುದಿತ್ತು. ನಾಚಿಕೆಯಾಯಿತು. ಹೋದ ವರ್ಷ ಬಂಡೆಯ ಬುಡದಲ್ಲಿ ನಿಂತಾಗ ಗೆರೆ ನನ್ನ ಎದೆಮಟ್ಟಕ್ಕೆ ಇದ್ದ ನೆನಪು. ಅಲ್ಲಿಗೇ ಬಳಿದು ಬಂದೆ.

ಆಷಾಢದ ಒಂದು ಭಾನುವಾರ. ಹರಿಗೋಲು ನಡೆಸುವ ಲತೀಫನ ಹೆಂಡತಿ ಜಹಾನಾರಾಗೆ ಹಿಂದಿನ ದಿನದಿಂದ ಹೆರಿಗೆ ನೋವು. ಸೂಲಗಿತ್ತಿ ಕೈಚೆಲ್ಲಿದ್ದಳು. ಹೊಳೆ ದಾಟಿದರೆ ಬಸ್ಸು, ಅರ್ಧ ಗಂಟೆಯಲ್ಲಿ ಆಸ್ಪತ್ರೆ. ಗಾಡಿಯಲ್ಲಾದರೆ ಸೇತುವೆಗೇ ಏಳು ಮೈಲಿ.

ಕೆಂಪು ನೀರು ಸುಳಿ ಸುತ್ತುತ್ತಿತ್ತು.

"ಗೆರೆಗೆ ಇನ್ನೂ ನಾಲ್ಕು ಬೆರಳಿದೆ. ಅಮ್ಮಾ, ಕೂರಿಸು ಅವಳನ್ನ," ಎಂದ ಲತೀಫ್. ಅವನ ತಾಯಿ ಖಾಜಾಬೀ ಸೊಸೆಯನ್ನು ತಬ್ಬಿ ಹಿಡಿದು ನಿಂತಿದ್ದರು.

ನಾನು ಹರಿಗೋಲಿಗೆ ಅಡ್ಡ ನಿಂತೆ. "ಲತೀಫಣ್ಣ, ತಡಿ. ಆ ಗೆರೆ ನಂಬಬೇಡ."

"ಬಳಿದವ್ನೇ ನೀನಲ್ವೇನೋ ಮೂರ್ತಪ್ಪ?"

"ಹಳೇ ಗೆರೆ ಸಿಗಲಿಲ್ಲ. ಅಂದಾಜಿಗೆ ಬಳಿದೆ."

ಅವನು ಹುಟ್ಟನ್ನು ಕೆಳಗಿಟ್ಟ. "ಮೇಲಾಯ್ತೋ, ಕೆಳಗಾಯ್ತೋ? ಅದನ್ನಾದ್ರೂ ಹೇಳು ಮಾರಾಯ."

"ಗೊತ್ತಿಲ್ಲ."

"ಸಂಜೆ ಸ್ಕೂಲಲ್ಲಿ ಇದನ್ನೇ ಕಲಿಸ್ತಾರಾ ನಿಂಗೆ?"

ಕೆಳಗೆ ಬಳಿದಿದ್ದರೆ, ಸುಲಭವಾಗಿ ದಾಟುವವಳನ್ನು ನಾನೇ ತಡೆಯುತ್ತಿದ್ದೇನೆ. ಮೇಲೆ ಬಳಿದಿದ್ದರೆ, ಸುಮ್ಮನಿದ್ದು ಮೂವರನ್ನೂ ಮುಳುಗಿಸುತ್ತಿದ್ದೆ. ಅಷ್ಟರಲ್ಲಿ ಬುಡಸಮೇತ ತೇಲಿಬಂದ ಮರವೊಂದು ಬಂಡೆಗೆ ಬಡಿದು, ಗಿರ್ರನೆ ತಿರುಗಿ ಹೋಯಿತು. ಖಾಜಾಬೀ ಅದನ್ನೇ ನೋಡಿದರು.

"ಗಾಡಿ ಕಟ್ಟಿಸು," ಎಂದರು.

ಗಾಡಿ ನಮ್ಮದೇ. ನಾನು ಎತ್ತುಗಳ ಮುಂದೆ ಹಗ್ಗ ಹಿಡಿದು ನಡೆದೆ. ಲತೀಫ್ ಗಾಡಿಯ ಹಿಂದೆ ನಡೆದು ಬಂದ. ಗುಂಡಿ ಬಂದಾಗಲೆಲ್ಲ ಜಹಾನಾರಾ ನರಳುತ್ತಿದ್ದಳು. ಐದು ಮೈಲಿ ಕಳೆದ ಮೇಲೆ ನರಳಾಟ ನಿಂತಿತು. ಮುಂದಿನ ಗುಂಡಿಗೂ ಸದ್ದಿಲ್ಲ. ಹಿಂತಿರುಗಿ ನೋಡಲು ನನಗೆ ಧೈರ್ಯ ಬರಲಿಲ್ಲ. ಕಾಲು ತಾನಾಗಿಯೇ ನಿಂತಿತು.

"ಉಸಿರಾಡ್ತಿದ್ದಾಳೆ," ಎಂದರು ಖಾಜಾಬೀ ಗಾಡಿಯೊಳಗಿಂದ. "ನೀನು ನಿಲ್ಲಬೇಡ, ನಡಿ."

ಸೇತುವೆ ಇನ್ನೂ ಎರಡು ಮೈಲಿ ಇತ್ತು.