ಎರಡೂ ಕಡೆಯವಳು

"ಸ್ವಲ್ಪ ಹೊತ್ತು ಏನೂ ಮಾತಾಡಬೇಡಿ ಅಕ್ಕ," ಎಂದು ಪಾರ್ಲರಿನ ತಂಗಿ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಖಾಲಿ ಮನೆಯ ಮುಂದಿನ ಕೋಣೆಗೆ ಕಾಲಿಟ್ಟಳು. ಏಜೆಂಟಕ್ಕ ಬೀಗದ ಕೈ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತಳು. ಕಿಟಕಿಯಿಂದ ಇಳಿದ ಬಿಸಿಲು ಅರ್ಧ ನೆಲವನ್ನು ಹಿಡಿದಿತ್ತು. ತಂಗಿ ಆ ಬಿಸಿಲಿನ ಅಂಚಿನಲ್ಲೇ ಮೆಲ್ಲಗೆ ಒಂದು ಸುತ್ತು ಬಂದಳು. ಇಲ್ಲೊಂದು ಕುರ್ಚಿ, ಅಲ್ಲೊಂದು ಕುರ್ಚಿ, ಕಾಯುವವರಿಗೆ ಕಿಟಕಿಯ ಕೆಳಗೊಂದು ಬೆಂಚು ಎಂದು ಎಲ್ಲವನ್ನೂ ಕೈಯಿಂದಲೇ ಗಾಳಿಯಲ್ಲಿ ಇಟ್ಟಳು. ಆಮೇಲೆ ಕಾಣದ ಗಿರಾಕಿಯೊಬ್ಬಳ ಕೂದಲಲ್ಲಿ ಬೆರಳಾಡಿಸಿ, ತನಗೆ ತಾನೇ ನಾಚಿಕೊಂಡು ನಕ್ಕಳು.

ಈ ನಗುವಿನ ಗುರುತು ಏಜೆಂಟಕ್ಕನಿಗೆ ಚೆನ್ನಾಗಿಯೇ ಇತ್ತು. ಮನೆ ಮಾರಿಸುವ, ಕೊಡಿಸುವ ಕೆಲಸದಲ್ಲೇ ಕೂದಲು ನೆರೆಸಿಕೊಂಡವಳು ಅವಳು. ಹೆಸರು ಹಿಡಿದು ಕರೆಯುವವರೇ ಇಲ್ಲದೆ ಎಲ್ಲರಿಗೂ ಏಜೆಂಟಕ್ಕನಾಗಿದ್ದಳು. ದಿನವಿಡೀ ಬೇರೆಯವರ ಖಾಲಿ ಕೋಣೆಗಳಲ್ಲಿ ಓಡಾಡಿ ಅವಳ ಕನಸಿಗೂ ಕೋಣೆಗಳೇ ಬರುತ್ತಿದ್ದವು. ಒಂದರ ಬಾಗಿಲು ತೆರೆದರೆ ಇನ್ನೊಂದು, ಅದರಾಚೆ ಮತ್ತೊಂದು, ಎಲ್ಲದರಲ್ಲೂ ಇದೇ ಮಧ್ಯಾಹ್ನದ ಬಿಸಿಲು. "ನಿದ್ದೇಲೂ ಮನೆ ತೋರಿಸ್ತೀಯಲ್ಲೇ, ಆ ಗಿರಾಕಿಗೊಂದು ಬೇಗ ಕೊಡಿಸಿ ಮಲಗಬಾರದಾ?" ಎಂದು ಗಂಡ ಛೇಡಿಸುತ್ತಿದ್ದ. ಸುಮ್ಮನೆ ಹೊತ್ತು ಕಳೆಯಲು ಬಂದವರು ಯಾರು, ಮನೆಗೆ ಮನಸೋತವರು ಯಾರು ಎಂದು ಅವಳು ಅವರು ನಿಂತ ನಿಲುವು ನೋಡಿಯೇ ಹೇಳಿಬಿಡುತ್ತಿದ್ದಳು. ತಂಗಿಯಂತೂ ಪೂರ್ತಿ ಸೋತುಹೋಗಿದ್ದಳು.

ತಂಗಿ ಎಂದರೆ ಒಡಹುಟ್ಟಿದವಳಲ್ಲ, ಕರೆದು ಕರೆದು ಆದವಳು. ಇನ್ನೊಬ್ಬರ ಪಾರ್ಲರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತು ಕೂದಲು ಕತ್ತರಿಸುವುದು ಅವಳ ಕೆಲಸ. ಕಾಲುನೋವು ಒಂದಾದರೆ ಒಡತಿಯ ಬಾಯಿ ಇನ್ನೊಂದು. ಗಂಡ ಬಸ್ ಡ್ರೈವರ್, ಮನೆ ಕೊಳ್ಳುವ ವಿಷಯವನ್ನು ಪೂರ್ತಿ ಇವಳಿಗೇ ಬಿಟ್ಟಿದ್ದ. ರಸ್ತೆಗೆ ಬಾಗಿಲಿರುವ ಒಂದು ಕೋಣೆ ಬೇಕು, ಅದರಲ್ಲಿ ತನ್ನದೇ ಪಾರ್ಲರ್ ತೆರೆಯಬೇಕು ಎಂಬುದೊಂದೇ ಅವಳ ಹಟ. ಮನೆಗೆಂದು ಕೂಡಿಸಿದ ಗಂಟು ಬೇರೆ, ಪಾರ್ಲರಿಗೆಂದು ಎತ್ತಿಟ್ಟ ಚಿಕ್ಕ ಗಂಟು ಬೇರೆ. ಆ ಚಿಕ್ಕ ಗಂಟಿಗೆ ಮಾತ್ರ ಕೈ ಹಾಕಬೇಡ ಎಂದು ಬುದ್ಧಿ ಹೇಳಿದವಳೂ ಏಜೆಂಟಕ್ಕನೇ. ಕೊಳ್ಳುವವರ ಕಡೆಯ ಏಜೆಂಟಾಗಿ ಅವಳು ತಂಗಿಗೆ ಮನೆಯ ಮೇಲೆ ಮನೆ ತೋರಿಸಿದ್ದಳು. ಈ ಗೋಡೆ ಒಳಗಿಂದ ಒದ್ದೆ, ಬೇಡ. ಅವರು ಬಾಯಿಗೆ ಬಂದ ಬೆಲೆ ಹೇಳುತ್ತಿದ್ದಾರೆ, ನೀನು ಕೆಳಗಿನಿಂದ ಶುರುಮಾಡು. ಹೀಗೆ ಹೆಜ್ಜೆಹೆಜ್ಜೆಗೂ ಜೊತೆಗಿದ್ದಳು.

ಅಷ್ಟರಲ್ಲಿ ಈ ಮನೆಯ ಯಜಮಾನರು, ಪೇಟೆಬೀದಿಯ ಔಷಧಿ ಅಂಗಡಿಯವರು, ತಾವಾಗಿ ಬಂದು ಮಾರಿಸಿಕೊಡುವ ಕೆಲಸವನ್ನು ಅವಳಿಗೇ ಒಪ್ಪಿಸಿದರು. ಮನೆ ಮಾರಾಟಕ್ಕಿದೆ ಎಂಬ ಬೋರ್ಡು ತೂಗುಹಾಕಿದ ಸಂಜೆಯೇ ಅದು ತಂಗಿಯ ಕಣ್ಣಿಗೆ ಬಿತ್ತು. ಮನೆ ಒಂದು, ಕಡೆ ಎರಡು, ಏಜೆಂಟ್ ಒಬ್ಬಳೇ. ಕಾನೂನು ಇದಕ್ಕೆ ಅಡ್ಡ ಬರುವುದಿಲ್ಲ, ಇಬ್ಬರೂ ತಿಳಿದು ಒಪ್ಪಿ ಸಹಿ ಹಾಕಿದರೆ ಸಾಕು. ಆದರೆ ಸಹಿ ಬಿದ್ದ ಗಳಿಗೆಯಿಂದ ಏಜೆಂಟಿನ ಬಾಯಿಗೆ ಬೀಗ. ಇವರ ಗುಟ್ಟು ಅವರಿಗೆ ಹೇಳುವಂತಿಲ್ಲ, ಅವರ ಗುಟ್ಟು ಇವರಿಗೆ ಹೇಳುವಂತಿಲ್ಲ, ಬೆಲೆಯ ವಿಷಯದಲ್ಲಿ ಯಾರಿಗೂ ಬುದ್ಧಿ ಹೇಳುವಂತಿಲ್ಲ.

"ನಿನ್ನ ಪರವಾಗಿ ಅಂತ ಬೇರೆ ಏಜೆಂಟನ್ನ ಇಟ್ಕೊಳ್ಳೇ. ಒಳ್ಳೆಯವರನ್ನ ನಾನೇ ಹೇಳ್ತೀನಿ," ಎಂದು ಏಜೆಂಟಕ್ಕ ಮೊದಲೇ ಹೇಳಿದ್ದಳು.

"ನೀವಿರುವಾಗ ಬೇರೆಯವರು ಯಾಕಕ್ಕ? ನೀವು ನಮ್ಮವರು," ಎಂದು ತಂಗಿ ಓದದೆಯೇ ಸಹಿ ಹಾಕಿದಳು. ಆ ಮಾತು ಏಜೆಂಟಕ್ಕನ ಮನಸ್ಸಿಗೆ ಎಷ್ಟು ಹಿತವಾಯಿತೆಂದರೆ, ಇನ್ನೊಮ್ಮೆ ಒತ್ತಾಯ ಮಾಡಲು ಅವಳಿಗೆ ಬಾಯೇ ಬರಲಿಲ್ಲ.

ಔಷಧಿ ಅಂಗಡಿಯವರೂ ಸಹಿ ಹಾಕಿದರು. ಅದಕ್ಕೆ ಮೊದಲೇ ಅವಳನ್ನು ಅಂಗಡಿಯ ಹಿಂಬದಿಗೆ ಕರೆದು ತಮ್ಮ ಗುಟ್ಟು ಹೇಳಿಕೊಂಡಿದ್ದರು. ಮಗಳ ಊರಿನಲ್ಲಿ ಆಗಲೇ ಮನೆ ಕೊಂಡಾಗಿದೆ, ಎರಡೆರಡು ಮನೆ ಸಾಕುವುದು ತಮ್ಮ ಕೈಲಾಗದು, ಹೇಳಿದ ಬೆಲೆಗಿಂತ ಎಷ್ಟೋ ಕಡಿಮೆಗೂ ಬಿಟ್ಟುಕೊಡಲು ಸಿದ್ಧ, ಆದರೆ ಈ ಮಾತು ನಮ್ಮಿಬ್ಬರಲ್ಲೇ ಇರಲಿ. ಏಜೆಂಟಕ್ಕ ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದಳು.

ಈಗ ತಂಗಿ ಬಿಸಿಲಲ್ಲಿ ನೆಲದ ಮೇಲೇ ಕೂತು, ಯಜಮಾನರಿಗೆ ತಾನು ಕೊಡುವ ಬೆಲೆ ಬರೆದು ಕಳಿಸಬೇಕಾದ ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಎಷ್ಟೆಂದು ಬರೆಯಲಿ ಎಂದು ಕೇಳಿದಳು. ಅದೊಂದನ್ನು ಮಾತ್ರ ಕೇಳಬೇಡ ಎಂದು ಏಜೆಂಟಕ್ಕ ತಲೆಯಾಡಿಸಿದಳು. ನೆಗಡಿಯಿಂದ ಬೆಳಗಿನಿಂದಲೂ ಅವಳ ಗಂಟಲು ಕೆರೆಯುತ್ತಿತ್ತು, ಬಾಯಲ್ಲಿದ್ದ ಪೆಪ್ಪರ್‌ಮಿಂಟೂ ಕರಗಿಹೋಗಿತ್ತು. ತಂಗಿ ಪೆನ್ನು ಕಚ್ಚಿಕೊಂಡು ಯೋಚಿಸಿದಳು. ಅವಳ ಮುಖದಲ್ಲಿ ಚಿಕ್ಕ ಹುಡುಗಿಯ ಕಳ್ಳನಗು ಮೂಡಿತು.

"ಸರಿ, ನೀವು ಹೇಳೋದೇ ಬೇಡ. ನಾನೇ ಒಂದು ಬೆಲೆ ಹೇಳ್ತೀನಿ. ಅಷ್ಟು ಸಾಕು ಅಂತಾದ್ರೆ ಒಂದ್ಸಲ ಕೆಮ್ಮಿಬಿಡಿ. ಹೇಗೂ ಬೆಳಗ್ಗಿಂದ ಕೆಮ್ತಾನೇ ಇದ್ದೀರಲ್ಲ."

ಬೇಡ ಎನ್ನುವಷ್ಟರಲ್ಲಿ ಅವಳು ಬೆಲೆ ಹೇಳಿಯೇಬಿಟ್ಟಳು. ಅಷ್ಟು ಸಾಕಾಗಿತ್ತು. ಸಾಕಾಗಿ ಮಿಗುವಷ್ಟಿತ್ತು.

ಅದೇ ಗಳಿಗೆಯಲ್ಲಿ ಏಜೆಂಟಕ್ಕನ ಗಂಟಲಲ್ಲಿ ಕೆಮ್ಮು ಎದ್ದಿತು. ಸನ್ನೆಯ ಕೆಮ್ಮಲ್ಲ, ನೆಗಡಿಯ ಅಪ್ಪಟ ಕೆಮ್ಮು. ಇಂಥ ಆಟ ನನ್ನ ಹತ್ತಿರ ಆಡಬೇಡ ಎಂದು ಹೇಳೋಣವೆಂದರೆ ಬಾಯಿ ತೆರೆಯುವಂತಿಲ್ಲ, ತೆರೆದರೆ ಕೆಮ್ಮೇ ಮೊದಲು ಹೊರಗೆ ಬರುತ್ತದೆ. ಅವಳು ತುಟಿ ಬಿಗಿದು, ಬೀಗದ ಕೈಯನ್ನು ಅಂಗೈಗೆ ಒತ್ತಿಕೊಂಡು ನಿಂತಳು. ಕನಸಿನಲ್ಲಿ ಕೂಗಬೇಕೆಂದರೂ ದನಿ ಹೊರಡುವುದಿಲ್ಲವಲ್ಲ, ಹಾಗಾಯಿತು. ಕಣ್ಣು ತುಂಬಿ ಕೋಣೆ ಅಲ್ಲಾಡಿತು. ತಂಗಿ ಗಾಳಿಯಲ್ಲಿ ಇಟ್ಟ ಕುರ್ಚಿಗಳೂ ಬೆಂಚೂ ಒಂದು ಕ್ಷಣ ನಿಜಕ್ಕೂ ಅಲ್ಲಿದ್ದಂತೆ, ಅವುಗಳ ಮೇಲೆ ಯಾರೋ ಕೂತು ತಮ್ಮ ಸರದಿಗೆ ಕಾಯುತ್ತಿದ್ದಂತೆ ಕಂಡಿತು. ಇನ್ನು ತಡೆಯಲಾರೆ ಎನಿಸಿದಾಗ ಅವಳು ಕೈಯಾಡಿಸುತ್ತ ಹೊರಗೋಡಿದಳು. ಕಾರಿನಲ್ಲಿ ಕೂತು, ಗಾಜುಗಳನ್ನೆಲ್ಲ ಏರಿಸಿ, ಪಕ್ಕೆ ನೋಯುವಷ್ಟು ಕೆಮ್ಮಿದಳು.

ಅವಳು ಹಿಂತಿರುಗುವಷ್ಟರಲ್ಲಿ ತಂಗಿ ಹಾಳೆಯನ್ನು ಲಕೋಟೆಗೆ ಹಾಕಿ ಅಂಟಿಸಿಯಾಗಿತ್ತು. ಇಬ್ಬರೂ ಆ ಮಾತನ್ನು ಮತ್ತೆ ಎತ್ತಲಿಲ್ಲ. ಬಾಯಿ ಬಿಡಲಿಲ್ಲವಲ್ಲ, ಯಾರಿಗೂ ದ್ರೋಹ ಮಾಡಲಿಲ್ಲವಲ್ಲ ಎಂದು ಏಜೆಂಟಕ್ಕನಿಗೆ ಸಮಾಧಾನವಾಯಿತು. ನಿಜ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯೂ ಆಯಿತು.

ಔಷಧಿ ಅಂಗಡಿಯವರು ಲಕೋಟೆ ಒಡೆದು, ಹಾಳೆ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅಲ್ಲಿದ್ದದ್ದು ಏಜೆಂಟಕ್ಕ ಕೇಳಿಸಿಕೊಂಡ ಬೆಲೆಯಲ್ಲ, ಅದಕ್ಕಿಂತ ಬಹಳ ಹೆಚ್ಚು. ಅವರು ನಿಂತಲ್ಲೇ ಒಪ್ಪಿ ಸಹಿ ಹಾಕಿದರು. ಹಿಗ್ಗಿನಲ್ಲಿ ಅವಳ ಕೈಗೆ ಪುಕ್ಕಟೆಯಾಗಿ ಒಂದು ಕೆಮ್ಮಿನ ಔಷಧಿಯ ಬಾಟಲಿಯನ್ನೂ ಕೊಟ್ಟರು. ಆಸೆ ಹೆಚ್ಚಾಗಿ ಹುಡುಗಿ ಏರಿಸಿದಳೇನೋ ಎಂದುಕೊಂಡಳು ಏಜೆಂಟಕ್ಕ. ಏಕೆಂದು ತಂಗಿಯನ್ನು ಕೇಳಲೂ ಆ ಸಹಿಯ ಕಟ್ಟುಪಾಡು ಬಿಡುತ್ತಿರಲಿಲ್ಲ.

ಬೀಗದ ಕೈ ಒಪ್ಪಿಸಿದ ದಿನ ತಂಗಿ ಅವಳನ್ನು ಹಾಗೇ ಹೋಗಲು ಬಿಡಲಿಲ್ಲ. ಸಾಮಾನು ಇನ್ನೂ ಬಂದಿರಲಿಲ್ಲ. ಎಲ್ಲಿಂದಲೋ ಒಂದು ಸ್ಟೂಲು ತಂದು ಮುಂದಿನ ಕೋಣೆಯ ನಡುವೆ ಇಟ್ಟು, ಏಜೆಂಟಕ್ಕನನ್ನು ಕೂರಿಸಿ, ಕತ್ತಿನ ಸುತ್ತ ಟವೆಲ್ಲು ಹೊದಿಸಿದಳು. ಕೂದಲು ಒದ್ದೆ ಮಾಡಿ ಬಾಚುತ್ತಿದ್ದರೆ ಕೈ ಎಷ್ಟು ಹಗುರವೆಂದರೆ ಏಜೆಂಟಕ್ಕನಿಗೆ ಕೂತಲ್ಲೇ ಜೊಂಪು ಹತ್ತಿತು. ಜೊಂಪಿನಲ್ಲೇ, ಪಾರ್ಲರ್ ಶುರು ಯಾವಾಗ ಎಂದು ಕೇಳಿದಳು.

"ಸದ್ಯಕ್ಕೆಲ್ಲಿ ಅಕ್ಕ? ಆ ಗಂಟೂ ಮನೆಗೇ ಹೋಯ್ತು. ಇನ್ನೊಂದಷ್ಟು ವರ್ಷ ಅಲ್ಲೇ ದುಡೀತೀನಿ." ತಂಗಿಯ ದನಿಯಲ್ಲಿ ದುಃಖವೇನೂ ಇರಲಿಲ್ಲ. "ಹೋಗ್ಲಿ ಬಿಡಿ, ಮನೆ ಸಿಕ್ತಲ್ಲ. ಅದೂ ನಿಮ್ಮ ಪುಣ್ಯ. ಅವತ್ತು ನೀವು ಕೆಮ್ಮಲೇ ಇಲ್ಲ. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದು, ಕೈ ಬೇರೆ ಆಡಿಸಿಬಿಟ್ರಿ. ನಾನು ಹೇಳಿದ್ದು ಏನೇನೂ ಸಾಲದು ಅಂತ ಗೊತ್ತಾಯ್ತು. ಇದ್ದಬದ್ದದ್ದನ್ನೆಲ್ಲ ಸೇರಿಸಿ ಬರೆದೆ. ಇಲ್ದಿದ್ರೆ ಕೈ ತಪ್ಪಿಹೋಗ್ತಿತ್ತಲ್ವಾ ಅಕ್ಕ?"

ಏಜೆಂಟಕ್ಕನ ಜೊಂಪು ಹಾರಿಹೋಯಿತು. ವ್ಯಾಪಾರ ಮುಗಿದರೂ ಗುಟ್ಟು ಮುಗಿಯುವುದಿಲ್ಲ, ಔಷಧಿ ಅಂಗಡಿಯವರು ನಂಬಿ ಹೇಳಿದ ಮಾತು ಕಾನೂನಿನ ಪ್ರಕಾರ ಇನ್ನೂ ಅವರದೇ. ಆದರೂ ಅವಳು ಬಾಯಿ ತೆರೆದಳು.

"ತಂಗೀ, ನಾನು…"

"ಅಲ್ಲಾಡಬೇಡಿ ಅಕ್ಕ, ಕತ್ತರಿ ಕಿವಿ ಹತ್ರಾನೇ ಇದೆ."

ಅವಳು ಅಲ್ಲಾಡಲಿಲ್ಲ. ಕತ್ತರಿ ಕಚಕಚ ಎಂದು ಕತ್ತಿನ ಹಿಂದಿನಿಂದ ಹಣೆಯವರೆಗೂ ಬಂತು. ನೆರೆತ ಕೂದಲಿನ ಸಣ್ಣ ಸಣ್ಣ ತುಣುಕುಗಳು ಮಡಿಲಿಗೆ ಉದುರಿದವು. ತಂಗಿ ಮುಂದೆ ಬಂದು, ಕತ್ತರಿ ಕೆಳಗಿಟ್ಟು, ಗಾಬರಿಯಿಂದ ಅವಳ ಗಲ್ಲ ಹಿಡಿದೆತ್ತಿದಳು. "ಅಯ್ಯೋ, ಕಣ್ಣಿಗೆ ಕೂದಲು ಬಿತ್ತಾ ಅಕ್ಕ? ಉಜ್ಜಬೇಡಿ, ತಡೀರಿ," ಎಂದು ಹತ್ತಿರ ಬಗ್ಗಿ, ಹೆಬ್ಬೆರಳಿನಿಂದ ಅವಳ ರೆಪ್ಪೆ ಬಿಡಿಸಿ, ಮೆಲ್ಲಗೆ ಊದಿದಳು.