ತೊತ್ತಮ್ಮನ ತೊಟ್ಟಿಲು

ನನಗೆ ಮೂಗಿನ ತುದಿಯಲ್ಲೇ ಕೋಪ. ಅದಕ್ಕೇ, ಕಾಲೇಜಿನಲ್ಲಿ ಕನ್ನಡ ಕಲಿಸುವ ಹೆಂಗಸೊಬ್ಬರು ನಮ್ಮಲ್ಲಿ ಕೊಂಡಿದ್ದ ಹೊಸ ತೊಟ್ಟಿಲನ್ನು ವ್ಯಾನಿನಿಂದ ಇಳಿಸಿ, ವಾಪಸ್ ತಗೊಳ್ಳಿ ಎಂದಾಗ ಕೈಯಲ್ಲಿದ್ದ ಉಳಿಯನ್ನೂ ಕೆಳಗಿಡದೆ ಜಗಳಕ್ಕೆ ನಿಂತೆ. ನಮ್ಮ ಕಾರ್ಖಾನೆಯಿಂದ ಹೋದ ತೊಟ್ಟಿಲು ಹಿಂದಿರುಗಿ ಬಂದದ್ದೇ ಇಲ್ಲ. ಮೊಳೆಯಿಲ್ಲದೆ ಬಿಗಿದ ಜೋಡಣೆ, ಮಗುವಿನ ಕೈಗೆ ಒಂದು ಸಿಬಿರೂ ತಾಗದಂತೆ ಉಜ್ಜಿ ಉಜ್ಜಿ ನುಣುಪು ಮಾಡಿದ ಅಂಚು. ಕುಂದು ಹುಡುಕುವವರ ಕಣ್ಣೇ ಸರಿಯಿಲ್ಲ ಎನ್ನುವವಳು ನಾನು.

"ಕೆಲಸ ಚೆನ್ನಾಗಿದೆ. ಇದನ್ನ ಓದಿ ಸ್ವಲ್ಪ" ಎಂದು ಅವರು ತಲೆಭಾಗದ ಹಲಗೆ ತೋರಿಸಿದರು. ಅಲ್ಲಿ ಕಾದ ಕಬ್ಬಿಣದಿಂದ ನಾನೇ ಒತ್ತಿದ ಮುದ್ರೆಯಿತ್ತು: ತೊತ್ತಮ್ಮ.

ತೊತ್ತಮ್ಮ ನಮ್ಮ ಮನೆಯ ಹಿರಿಯ ಜೀವ. ಅಜ್ಜಿ ಮದುವೆಯಾಗಿ ಬಂದಾಗ ತವರಿನವರು ಒಂದು ಮಂಚ, ಎರಡು ಪೆಟ್ಟಿಗೆ, ಜೊತೆಗೊಬ್ಬಳು ಹುಡುಗಿಯನ್ನು ಕೊಟ್ಟು ಕಳಿಸಿದ್ದರಂತೆ. ಮಂಚ ಮುರಿಯಿತು, ಪೆಟ್ಟಿಗೆಗೆ ಗೆದ್ದಲು ಹಿಡಿಯಿತು, ಹುಡುಗಿ ಮಾತ್ರ ಗಟ್ಟಿಮುಟ್ಟಾಗಿ ಉಳಿದಳು ಎಂದು ಅಪ್ಪ ನೆಂಟರ ಮುಂದೆ ಹೇಳಿದಾಗಲೆಲ್ಲ ನಾವು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಅವಳೂ ನಗುತ್ತಿದ್ದಳು. ಅಪ್ಪನನ್ನು, ಅತ್ತೆಯರನ್ನು, ನನ್ನನ್ನು, ಕೊನೆಗೆ ನನ್ನ ಮಗಳನ್ನು ತೂಗಿ ಮಲಗಿಸಿದವಳು ಅವಳೇ. ತೊಟ್ಟಿಲು ತೂಗುವ ಅಮ್ಮ ಮಕ್ಕಳ ತೊದಲು ಬಾಯಲ್ಲಿ ತೊತ್ತಮ್ಮ ಆದಳು ಎನ್ನುವುದು ಮನೆಮಂದಿಗೆಲ್ಲ ಗೊತ್ತಿದ್ದ ಕತೆ. ಕಾರ್ಖಾನೆ ನನ್ನ ಕೈಗೆ ಬಂದ ವರ್ಷ ಅವಳ ಹೆಸರಿನ ಅಚ್ಚು ಮಾಡಿಸಿದೆ. ಹೆಮ್ಮೆಯಿಂದಲೇ ಮಾಡಿಸಿದೆ.

ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಿಮ್ಮ ಮನೆ ಕತೆ ಸುಳ್ಳು ಅನ್ನೋಕೆ ನಾನು ಬಂದಿಲ್ಲಮ್ಮ. ಆದ್ರೆ ತೊತ್ತು ಅನ್ನೋದು ತುಂಬ ಹಳೇ ಮಾತು. ತಲೆ ಬಾಗಿ ಊಳಿಗ ಮಾಡೋದು ಅನ್ನೋ ಅರ್ಥದಿಂದ ಹುಟ್ಟಿದ್ದು ಅಂತಾರೆ. ಕೊಂಡು ತಂದ ಹೆಣ್ಣಾಳು. ಆಮೇಲೆ ಅದೇ ಬೈಗುಳ ಆಯ್ತು. ನೀವು ಕೇಳಿಲ್ವಾ?"

ಕೇಳಿದ್ದೆ. ಮರ ಇಳಿಸುವ ಲಾರಿಯವರು ತೊತ್ತಿನ ಮಗನೆ ಎಂದು ಬೈದಾಡುವುದನ್ನು ಚಿಕ್ಕಂದಿನಿಂದ ಕೇಳುತ್ತಲೇ ಬಂದಿದ್ದೇನೆ. ಆ ತೊತ್ತನ್ನೂ ನಮ್ಮ ತೊತ್ತಮ್ಮನನ್ನೂ ಎಂದೂ ಒಟ್ಟಿಗೆ ತಲೆಯೊಳಗೆ ಬಿಟ್ಟುಕೊಂಡಿರಲಿಲ್ಲ, ಅಷ್ಟೆ.

"ಮೊಮ್ಮಗಳನ್ನ ಇದರಲ್ಲಿ ಮಲಗಿಸೋಕೆ ಮನಸ್ಸು ಬರಲಿಲ್ಲ" ಎಂದರು, ಮೆಲ್ಲಗೆ. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ತೊಟ್ಟಿಲು ಒಳಗಿಟ್ಟೆ.

ಒಳಕೋಣೆಯಲ್ಲಿ ಅಪ್ಪ ಮೊಣಕಾಲೂರಿ ಕುಳಿತು ಒಂದು ಕುರ್ಚಿಗೆ ವಾರ್ನಿಶ್ ಹಚ್ಚುತ್ತಿದ್ದರು.

"ತೊತ್ತಮ್ಮನಿಗೆ ಆ ಹೆಸರು ಹೇಗೆ ಬಂತಪ್ಪ?"

"ತೊಟ್ಟಿಲಿಂದ. ಹೊಸದಾಗಿ ಕೇಳ್ತಿದೀಯಲ್ಲ."

"ತಾತ ಏನಂತ ಕರೀತಿದ್ರು?"

ಬ್ರಷ್ಷು ನಿಂತಿತು. "ಅವರ ಕಾಲ ಬೇರೆ ಬಿಡು."

"ಅವಳಿಗೆ ಸಂಬಳ ಅಂತ ಏನಾದ್ರೂ ಕೊಟ್ಟಿದೀವಾ?"

"ಮನೆಯವರಿಗೆ ಯಾರಾದ್ರೂ ಸಂಬಳ ಕೊಡ್ತಾರೇನೆ? ನಿಮ್ಮಮ್ಮನಿಗೆ ಕೊಟ್ಟಿದೀನಾ?" ಎಂದು ನಗಲು ನೋಡಿದರು. ನಾನು ನಗಲಿಲ್ಲ.

"ಒಂದು ಸಲನಾದ್ರೂ ಅವಳ ಊರಿಗೆ ಹೋಗಿದ್ಲಾ?"

ಅಪ್ಪ ಬ್ರಷ್ಷನ್ನು ಡಬ್ಬಿಯಲ್ಲಿ ಅದ್ದಿ, ಆಗಲೇ ಹಚ್ಚಿ ಮುಗಿಸಿದ್ದ ಕಾಲಿಗೇ ಮತ್ತೆ ಹಚ್ಚತೊಡಗಿದರು. ಆ ಹೆಸರಿನ ಅರ್ಥ ಅವರಿಗೆ ಮೊದಲೇ ಗೊತ್ತಿತ್ತು ಎನ್ನುವುದು ಆ ಕೈಯಲ್ಲೇ ಕಾಣುತ್ತಿತ್ತು.

ಕಾರ್ಖಾನೆಯ ಹಿಂದಿನ ಸಣ್ಣ ಕೋಣೆ ಅವಳದು. ಕಿಟಕಿಯ ಬೆಳಕಿಗೆ ಕುಳಿತು ತೊಟ್ಟಿಲಿನ ಪುಟ್ಟ ಹಾಸಿಗೆಯೊಂದಕ್ಕೆ ಹೊಲಿಗೆ ಹಾಕುತ್ತಿದ್ದಳು. "ತೊತ್ತ..." ಎಂದು ಅರ್ಧಕ್ಕೇ ನಿಲ್ಲಿಸಿದೆ.

"ಏನೇ, ನಾಲಿಗೆ ಕಚ್ಕೊಂಡ್ಯಾ?"

"ಆ ಹೆಸರಿನ ಅರ್ಥ ನಿಂಗೆ ಗೊತ್ತಿತ್ತಾ?"

ಅವಳು ಸೂಜಿಯನ್ನು ಮೇಲೆಳೆದು ದಾರ ಬಿಗಿಮಾಡಿದಳು. "ಗೊತ್ತಿಲ್ದೆ ಏನು. ನಿಮ್ಮ ತಾತ ಅಂಗಳದಲ್ಲಿ ನಿಂತು ಏ ತೊತ್ತೇ ಅಂತ ಕೂಗಿದ್ರೆ ಬೀದಿ ಕೊನೇಲಿ ಇದ್ದೋರಿಗೂ ಅರ್ಥ ಆಗ್ತಿತ್ತು."

"ಮತ್ತೆ ತೊಟ್ಟಿಲಿನ ಕತೆ?"

"ಅದು ನಾನೇ ಕಟ್ಟಿದ್ದು. ನಿಮ್ಮಪ್ಪ ಆಗ ಇಷ್ಟುದ್ದ. ಮಡಿಲಲ್ಲಿ ಕೂತ್ಕೊಂಡು ತೊತ್ತು ಅಂದ್ರೇನು ಅಂತ ಕೇಳ್ದ. ಅವರಪ್ಪನ ಬಾಯಿಂದ ಬಂದ ಮಾತು, ಮಗೂಗೆ ಏನಂತ ಹೇಳ್ಲಿ? ತೊಟ್ಟಿಲು ತೂಗೋಳು ಅಂತ ಕಣೋ ಅಂದೆ. ಅವನಿಗೆ ಖುಷಿಯಾಯ್ತು. ಕೊನೇಲಿ ಅಮ್ಮ ಅಂತ ತಾನೇ ಸೇರಿಸ್ದ. ಕೇಳೋಕೆ ನಂಗೂ ಪರವಾಗಿಲ್ಲ ಅನ್ನಿಸ್ತು."

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ನಮ್ಮ ಮನೆಯ ಹೇಸಿಗೆಯನ್ನು ಸೆರಗಿನಲ್ಲಿ ಮುಚ್ಚಿಟ್ಟವಳು ಅವಳು. ಅದನ್ನು ಹೊರಗೆಳೆದು, ಕಾಯಿಸಿ, ಮರಕ್ಕೆ ಒತ್ತಿ, ಊರಿಗೆಲ್ಲ ಮಾರಿದವಳು ನಾನು.

"ಅಚ್ಚು ತಂದು ತೋರಿಸಿದಾಗ ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟು ಸಂತೋಷದಲ್ಲಿ ಇದ್ದೆ. ಯಾಕೆ ಕೆಡಿಸ್ಲಿ?"

ಅವಳ ಕಾಲ ಬಳಿ ಕುಳಿತೆ. ಕ್ಷಮೆ ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಪರವಾಗಿಲ್ಲ ಬಿಡು ಎಂದುಬಿಡುತ್ತಾಳೆ ಎಂದು ಗೊತ್ತಿತ್ತು. ಅದೂ ಅವಳ ಮೇಲೆ ನಾನು ಹೊರಿಸುವ ಇನ್ನೊಂದು ಕೆಲಸವೇ.

"ನಿನ್ನ ಹೆಸರು ಹೇಳು. ಹೆತ್ತವರು ಇಟ್ಟ ಹೆಸರು" ಎಂದೆ.

ಆಗ ಹೊಲಿಗೆ ಬಿಟ್ಟು ನನ್ನ ಮುಖ ನೋಡಿದಳು. "ಹೇಳಿದ್ರೆ ಏನ್ ಮಾಡ್ತೀಯ? ಅದನ್ನೂ ಕಾಯಿಸಿ ಒತ್ತಿಬಿಡ್ತೀಯಾ?"

ಸಂಜೆಯವರೆಗೆ ಆ ತೊಟ್ಟಿಲಿನ ಹಲಗೆಯನ್ನು ಕೀಸುಳಿಯಿಂದ ಹೆರೆದೆ. ಸುಟ್ಟ ಗುರುತು ನಾನು ಅಂದುಕೊಂಡದ್ದಕ್ಕಿಂತ ಆಳಕ್ಕೆ ಇಳಿದಿತ್ತು. ಅಕ್ಷರ ಹೋಗುವ ಹೊತ್ತಿಗೆ ಹಲಗೆ ಯಾವುದಕ್ಕೂ ಬಾರದಷ್ಟು ತೆಳುವಾಗಿತ್ತು. ಕಿತ್ತು ಬದಿಗೆಸೆದೆ.

ಮರುದಿನ ಬೆಳಿಗ್ಗೆ ನಾನೇ ಟೀ ಮಾಡಿದೆ. ಈ ಮನೆಯಲ್ಲಿ ಅವಳಿಗೆ ಯಾರಾದರೂ ಟೀ ಮಾಡಿಕೊಟ್ಟದ್ದು ನನಗೆ ನೆನಪಿಲ್ಲ. ಲೋಟ ಹಿಡಿದು ಅವಳ ಮುಚ್ಚಿದ ಬಾಗಿಲ ಮುಂದೆ ನಿಂತೆ. ಕರೆಯಬೇಕು, ಏನೆಂದು ಕರೆಯಲಿ? ಅಜ್ಜಿ ಎನ್ನೋಣವೆಂದರೆ ಯಾವ ಮುಖ ಹೊತ್ತು ಅನ್ನಲಿ. ಬೆರಳು ಸುಡುತ್ತಿತ್ತು.

ನನ್ನ ಹೆಜ್ಜೆ ಸದ್ದು ಕೇಳಿರಬೇಕು. ಒಳಗೆ ಮಂಚ ಕಿರುಗುಟ್ಟಿತು.

"ಬಂದೆ ಬಂದೆ" ಎಂದಳು ಅವಳು. "ಏನ್ ಕೆಲಸ ಇತ್ತು?"